ನೆಗೆಟಿವ್ ಜೋಪಾನ, ಮಗಳೇ

ನಮ್ಮ ಕಾಲದ ಫೋಟೊಗ್ರಾಫರ್‌ಗಳು ನಾಲ್ಕು ಜನ ಒಟ್ಟಿಗೆ ಕೂತರೆ ಸಾಕು, ಡಾರ್ಕ್‌ರೂಮಿನ ಗುಣಗಾನ ಶುರುವಾಗುತ್ತದೆ. ಕೆಂಪು ಬಲ್ಬು, ಟ್ರೇಯೊಳಗೆ ಮೆಲ್ಲಗೆ ಮೂಡುವ ಮುಖ, ಹೈಪೋ ವಾಸನೆ, ಅದೊಂದು ತಪಸ್ಸು, ಈಗಿನವರಿಗೇನು ಗೊತ್ತು ಅಂತೆಲ್ಲ. ಅದರಲ್ಲಿ ಅರ್ಧ ಮಾತ್ರ ನಂಬು, ಮಗಳೇ. ನಿನ್ನಪ್ಪ ಇದ್ದಿದ್ದರೆ ಉಳಿದರ್ಧವನ್ನು ಅವನೇ ಹೇಳುತ್ತಿದ್ದ. ಡೆವಲಪರ್‌ನಲ್ಲಿದ್ದ ಮೆಟಾಲ್‌ಗೆ ಬೆರಳಸಂದಿ ತುರಿಸಿ ಬಿರುಕು ಬಿಡುತ್ತಿತ್ತು, ಉಗುರು ಕಂದುಗಟ್ಟುತ್ತಿತ್ತು. ಡಿ-76 ದ್ರಾವಣ 20 ಡಿಗ್ರಿ ಸೆಲ್ಸಿಯಸ್‌ನಲ್ಲಿರಬೇಕು ಅಂತ ಡಬ್ಬಿಯ ಮೇಲೆ ಬರೆದಿರುತ್ತಿತ್ತು. ಏಪ್ರಿಲ್‌ನಲ್ಲಿ ನಮ್ಮ ನಲ್ಲಿ ನೀರಿಗೆ ಆ ಸಂಗತಿ ಗೊತ್ತಿರಲಿಲ್ಲ. ಸೋಡಾ ಅಂಗಡಿಯಿಂದ ಐಸ್ ತಂದು ಟ್ರೇ ಸುತ್ತ ಇಟ್ಟುಕೊಂಡು ಕೆಲಸ ಮಾಡಬೇಕು. ಕಿಟಕಿ ಇಲ್ಲ, ಫ್ಯಾನ್ ಹಾಕಿದರೆ ದೂಳೆದ್ದು ಫಿಲ್ಮಿಗೆ ಅಂಟುತ್ತದೆ. ಮದುವೆ ಸೀಸನ್ನಿನಲ್ಲಿ ಆ ಕೋಣೆಯಿಂದ ಹೊರಗೆ ಬಂದವನು ತಪಸ್ಸು ಮುಗಿಸಿದವನ ಹಾಗೆ ಖಂಡಿತ ಕಾಣುತ್ತಿರಲಿಲ್ಲ.

"ಎಐ ಬಂದಮೇಲೆ ಸ್ಟುಡಿಯೊ ಬಾಗಿಲು ತೆರೆದಿಟ್ಟುಕೊಂಡು ಕೂರುವುದರಲ್ಲಿ ಅರ್ಥ ಇದೆಯಾ ಮಾಮ?" ಅಂತ ಕೇಳಿದೆಯಲ್ಲ, ಅದಕ್ಕೆ ಫೋನಿನಲ್ಲಿ ಹೇಳಿದ ಉತ್ತರ ಸಾಲದು ಅನಿಸಿ ಕಾಗದ ಹಿಡಿದಿದ್ದೇನೆ. ಇದೆ. ಆದರೆ ಕಾರಣ ನೀನಂದುಕೊಂಡದ್ದಲ್ಲ. ಕೈಕೆಲಸದ ಕಾಲ ಹೋಯಿತು ಅನ್ನುವುದು ಅಂಥ ದೊಡ್ಡ ನಷ್ಟವೇನಲ್ಲ. ನಾವು ಗಂಟೆಗಟ್ಟಲೆ ಮಾಡುತ್ತಿದ್ದುದನ್ನು ನೀನು ಎರಡು ನಿಮಿಷದಲ್ಲಿ ಮಾಡುತ್ತೀಯ, ಮಾಡು. ನಾನು ಹೇಳಬೇಕಾದ ಮಾತು ನೆಗೆಟಿವ್‌ನದು.

ಮೊದಲು ನಮ್ಮ ಸುಳ್ಳುಗಳನ್ನು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುದುಕ ಸತ್ಯಹರಿಶ್ಚಂದ್ರನ ವೇಷ ಹಾಕಿದ್ದಾನೆ ಅಂದುಕೊಳ್ಳುತ್ತೀಯ. ಸ್ಟುಡಿಯೊದಲ್ಲಿ ಕ್ಯಾಮೆರಾ ಹಿಡಿಯುವವನಿಗಿಂತ ಟಚಿಂಗ್ ಮಾಡುವವನಿಗೆ ಹೆಚ್ಚು ಮರ್ಯಾದೆ ಇತ್ತು. ನೆಗೆಟಿವನ್ನು ಗಾಜಿನ ಮೇಲಿಟ್ಟು, ಹಿಂದಿನಿಂದ ಬೆಳಕು ಬಿಟ್ಟು, ಸೂಜಿಮೊನೆಯಷ್ಟು ಚೂಪು ಮಾಡಿದ ಪೆನ್ಸಿಲಿನಿಂದ ಕಣ್ಣಿನ ಕೆಳಗಿನ ಕಪ್ಪು, ಹಣೆಯ ಗೆರೆ, ಮೊಡವೆ ಗುಳಿ ಎಲ್ಲವನ್ನೂ ತುಂಬುತ್ತಿದ್ದರು. ನೆಗೆಟಿವ್‌ನಲ್ಲಿ ಪೆನ್ಸಿಲ್ ಬಿದ್ದ ಜಾಗ ಪ್ರಿಂಟಿನಲ್ಲಿ ಬೆಳ್ಳಗೆ ಬರುತ್ತದೆ. ಹೆಣ್ಣು ತೋರಿಸಲು ಕಳಿಸುವ ಫೋಟೊಕ್ಕೆ ಪೆನ್ಸಿಲ್ ಎಷ್ಟು ಸವೆಯುತ್ತಿತ್ತು ಅನ್ನುವುದು ಗಂಡಿನ ಕಡೆಯವರು ಮನೆಗೆ ಬಂದಾಗಷ್ಟೇ ಗೊತ್ತಾಗುತ್ತಿತ್ತು. ಜೋಡಿ ಫೋಟೊ ಅಂತ ಇನ್ನೊಂದು. ಗಂಡ ಹೆಂಡತಿ ಒಟ್ಟಿಗೆ ಫೋಟೊ ತೆಗೆಸಿಕೊಂಡೇ ಇರುವುದಿಲ್ಲ, ಅಷ್ಟರಲ್ಲಿ ಒಬ್ಬರು ಹೋಗಿಬಿಟ್ಟಿರುತ್ತಾರೆ. ಮಕ್ಕಳು ಎರಡು ಬೇರೆ ಬೇರೆ ಫೋಟೊ ತಂದುಕೊಟ್ಟು, ಅಪ್ಪ ಅಮ್ಮನನ್ನು ಅಕ್ಕಪಕ್ಕ ಕೂರಿಸಿ ಅನ್ನುತ್ತಾರೆ. ಕತ್ತರಿಸಿ, ಅಂಟಿಸಿ, ಅಂಚಿಗೆ ಬಣ್ಣ ಹಚ್ಚಿ, ಮತ್ತೆ ಕಾಪಿ ಮಾಡಿ ಕೊಡುತ್ತಿದ್ದೆವು. ಎಷ್ಟೋ ಮನೆಗಳ ನಡುಮನೆಯಲ್ಲಿ ಆ ಜೋಡಿಗಳು ಈಗಲೂ ಹಾರ ಹಾಕಿಸಿಕೊಂಡು ಕೂತಿವೆ. ನೆರಳು ಒಬ್ಬರದು ಎಡಕ್ಕೆ, ಒಬ್ಬರದು ಬಲಕ್ಕೆ ಬಿದ್ದಿರುತ್ತದೆ. ಯಾರೂ ನೋಡುವುದಿಲ್ಲ.

ಇದು ನಮ್ಮೂರಿನವರ ಕಿತಾಪತಿ ಮಾತ್ರ ಅಲ್ಲ. 1857ರಲ್ಲೇ ಇಂಗ್ಲೆಂಡಿನಲ್ಲಿ ಆಸ್ಕರ್ ರೇಲಾಂಡರ್ ಅನ್ನುವವರು 30ಕ್ಕೂ ಹೆಚ್ಚು ನೆಗೆಟಿವ್‌ಗಳನ್ನು ಜೋಡಿಸಿ ಒಂದೇ ದೊಡ್ಡ ಚಿತ್ರ ಮಾಡಿದರು. ವಿಕ್ಟೋರಿಯಾ ರಾಣಿ ಅದರದೊಂದು ಪ್ರತಿಯನ್ನು ಕೊಂಡುಕೊಂಡಳು. 1945ರ ಮೇ ತಿಂಗಳಲ್ಲಿ ಬರ್ಲಿನ್ನಿನ ರೈಷ್‌ಸ್ಟಾಗ್ ಕಟ್ಟಡದ ಮೇಲೆ ಸೋವಿಯತ್ ಬಾವುಟ ಹಾರಿಸುವ ಫೋಟೊ ನೋಡಿರುತ್ತೀಯ. ಯೆವ್ಗೆನಿ ಖಾಲ್ದೇಯ್ ತೆಗೆದದ್ದು. ಅದರಲ್ಲಿ ಬಾವುಟದವನನ್ನು ಹಿಡಿದುಕೊಂಡಿದ್ದ ಸೈನಿಕನ ಎರಡೂ ಕೈಗೆ ಗಡಿಯಾರ ಇತ್ತು. ಗೆದ್ದ ಸೈನ್ಯದವನ ಎರಡು ಕೈಗೆ ಎರಡು ಗಡಿಯಾರ ಅಂದರೆ ಜನ ಏನಂದುಕೊಳ್ಳುತ್ತಾರೆ? ಸೂಜಿಯಿಂದ ಕೆರೆದು ಒಂದನ್ನು ತೆಗೆದರು. ಹಿನ್ನೆಲೆಗೆ ಒಂದಿಷ್ಟು ಕಪ್ಪು ಹೊಗೆಯನ್ನೂ ಸೇರಿಸಿದರು. ತಿದ್ದದ ಪ್ರತಿಯೂ ಉಳಿದುಕೊಂಡಿದ್ದರಿಂದ ಇವತ್ತು ಎರಡನ್ನೂ ಪಕ್ಕಪಕ್ಕ ಇಟ್ಟು ಸುಳ್ಳೆಷ್ಟು ನಿಜವೆಷ್ಟು ಅಂತ ಎಣಿಸಬಹುದು. ನಾನು ಹೇಳಹೊರಟದ್ದು ಇದನ್ನೇ. ಡಾರ್ಕ್‌ರೂಮಿನಲ್ಲಿ ಸುಳ್ಳು ಹೇಳುವವನ ಕೈಯಲ್ಲೂ ನಿಜದ ಒಂದು ತುಂಡು ಇರಲೇಬೇಕಿತ್ತು. ಬೆಳಕು ಹೋಗಿ ಬಿದ್ದ ಗುರುತು ಅದು. ಅದರ ಮೇಲೆ ಕೆರೆಯಬಹುದು, ಬಳಿಯಬಹುದು, ಎರಡು ತುಂಡು ಸೇರಿಸಬಹುದು. ಏನೂ ಇಲ್ಲದೆ ಮಾತ್ರ ಫೋಟೊ ಆಗುತ್ತಿರಲಿಲ್ಲ.

ಒಂದು ಚಂದ್ರನ ಕಥೆ ಹೇಳುತ್ತೇನೆ, ಸ್ವಲ್ಪ ಉದ್ದ, ತಾಳ್ಮೆಯಿಂದ ಓದು.

ಅಮೆರಿಕದ ಆನ್ಸೆಲ್ ಆಡಮ್ಸ್ 1941ರಲ್ಲಿ ನ್ಯೂ ಮೆಕ್ಸಿಕೊದ ರಸ್ತೆಯಲ್ಲಿ ಸಂಜೆ ಕಾರಿನಲ್ಲಿ ಹೋಗುತ್ತಿದ್ದರು. ಪಕ್ಕದಲ್ಲಿ ಹರ್ನಾಂಡೆಜ್ ಅನ್ನುವ ಪುಟ್ಟ ಹಳ್ಳಿ. ಚರ್ಚಿನ ಪಕ್ಕದ ಸಮಾಧಿಗಳ ಬಿಳಿ ಶಿಲುಬೆಗಳ ಮೇಲೆ ಮುಳುಗುವ ಸೂರ್ಯನ ಕೊನೆಯ ಬಿಸಿಲು. ಮೇಲೆ, ಬೆಟ್ಟಗಳಾಚೆ, ಚಂದ್ರ. ಕಾರು ನಿಲ್ಲಿಸಿ, 8×10 ಇಂಚಿನ ದೊಡ್ಡ ಕ್ಯಾಮೆರಾ ಹೂಡಿದರು. ಬೆಳಕು ಅಳೆಯುವ ಮೀಟರ್ ಸಿಗಲಿಲ್ಲ. ಚಂದ್ರನ ಮೈಬೆಳಕು ಚದರಡಿಗೆ 250 ಕ್ಯಾಂಡಲ್ ಅನ್ನುವುದು ಅವರಿಗೆ ಬಾಯಿಪಾಠ ಇತ್ತು. ಅದರಿಂದಲೇ ಲೆಕ್ಕ ಹಾಕಿ, ಎಫ್/32ಕ್ಕೆ ಒಂದು ಸೆಕೆಂಡು ಕೊಟ್ಟರು. ಇನ್ನೊಂದು ತೆಗೆಯೋಣವೆಂದು ಫಿಲ್ಮ್ ಹೋಲ್ಡರ್ ತಿರುಗಿಸುವಷ್ಟರಲ್ಲಿ ಶಿಲುಬೆಗಳ ಮೇಲಿನ ಬಿಸಿಲು ಹೋಗಿಯೇಬಿಟ್ಟಿತ್ತು. ಹಾಗಾಗಿ ಸಿಕ್ಕಿದ್ದು ಒಂದೇ ನೆಗೆಟಿವ್, ಅದೂ ಕಷ್ಟದ್ದು. ಕೆಳಗಿನ ಭಾಗ ತೀರಾ ತೆಳುವಾಗಿತ್ತು. 1948ರಲ್ಲಿ ರಾಸಾಯನಿಕ ಹಾಕಿ ಆ ಭಾಗವನ್ನಷ್ಟೇ ದಪ್ಪ ಮಾಡಿಕೊಂಡರು. ಸಾಯುವವರೆಗೂ ಆ ಒಂದೇ ನೆಗೆಟಿವ್‌ನಿಂದ 1,300ಕ್ಕೂ ಹೆಚ್ಚು ಪ್ರಿಂಟ್ ಹಾಕಿದರು. ಮೊದಲ ಪ್ರಿಂಟುಗಳಲ್ಲಿ ಆಕಾಶದಲ್ಲಿ ತೆಳು ಮೋಡಗಳ ಗೆರೆ ಕಾಣುತ್ತವೆ. ವರ್ಷ ಹೋದಂತೆ ಆಕಾಶವನ್ನು ಸುಡುತ್ತಾ ಸುಡುತ್ತಾ ಬಂದು, ಕೊನೆಗೆ ಮೋಡವೆಲ್ಲ ಅಳಿಸಿ ಕಾಡಿಗೆ ಕಪ್ಪು ಮಾಡಿಟ್ಟರು. 'ಸುಡುವುದು' ಅಂದರೆ ನಿನಗೆ ಗೊತ್ತಲ್ಲ, ನಿನ್ನ ಫೋಟೊಶಾಪ್‌ನಲ್ಲಿ 'ಬರ್ನ್' ಅಂತ ಒಂದು ಪುಟ್ಟ ಕೈ ಚಿತ್ರ ಇದೆಯಲ್ಲ, ಅದೇ. ನಿಜವಾದ ಕೈಯನ್ನು ಎನ್‌ಲಾರ್ಜರ್ ಬೆಳಕಿಗೆ ಅಡ್ಡ ಹಿಡಿಯುತ್ತಿದ್ದೆವು, ಬೇಕಾದ ಕಡೆ ಮಾತ್ರ ಬೆಳಕು ಹೆಚ್ಚು ಬೀಳಲಿ ಅಂತ.

ಅಂದಮೇಲೆ ಆ ಆಕಾಶ ನಿಜವೇ? ಆ ಸಂಜೆ ಅಲ್ಲಿ ನಿಂತಿದ್ದವರಿಗೆ ಅಷ್ಟು ಕಪ್ಪಾಗಿ ಕಂಡಿರಲಿಕ್ಕಿಲ್ಲ. ಆಡಮ್ಸ್ ಅದನ್ನು ಮುಚ್ಚಿಡಲಿಲ್ಲ. ನೆಗೆಟಿವ್ ಬರೆದಿಟ್ಟ ಸಂಗೀತ, ಪ್ರಿಂಟು ಅದರ ಕಛೇರಿ ಅನ್ನುವ ಅರ್ಥದ ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದರು. ಮೊದಲು ಪಿಯಾನೊ ಕಲಿತ ಮನುಷ್ಯ, ಆ ಮಾತು ಬಾಯಿಗೆ ಬಂದದ್ದು ಸಹಜ.

ಕಥೆಯ ಸ್ವಾರಸ್ಯ ಇನ್ನು ಮುಂದಿದೆ. ಇಷ್ಟೆಲ್ಲ ಕರಾರುವಾಕ್ಕಾದ ಮನುಷ್ಯ ಆ ಫೋಟೊ ತೆಗೆದ ತಾರೀಖನ್ನೇ ಬರೆದಿಡಲಿಲ್ಲ. ಒಂದೊಂದು ಕಡೆ ಒಂದೊಂದು ಇಸವಿ ಹೇಳಿದರು. ಎಷ್ಟೋ ವರ್ಷದ ಮೇಲೆ ಖಗೋಳ ತಿಳಿದವರೊಬ್ಬರು ಚಿತ್ರದಲ್ಲಿ ಚಂದ್ರ ನಿಂತ ಜಾಗ, ಬೆಟ್ಟದ ಸಾಲು ನೋಡಿ ಲೆಕ್ಕ ಹಾಕಿ 1941ರ ಅಕ್ಟೋಬರ್ 31 ಅಂದರು. 1991ರಲ್ಲಿ ಡೆನಿಸ್ ಡಿ ಸಿಕ್ಕೊ ಅನ್ನುವವರು ಅದನ್ನೂ ತಿದ್ದಿ, ನವೆಂಬರ್ 1, ಸಂಜೆ 4 ಗಂಟೆ 49 ನಿಮಿಷ ಅಂತ ಇತ್ಯರ್ಥ ಮಾಡಿದರು. ನೋಡು, ಮೋಡ ಅಳಿಸಿದ್ದಾರೆ, ಆಕಾಶ ಸುಟ್ಟಿದ್ದಾರೆ, ರಾಸಾಯನಿಕ ಹಾಕಿ ದಪ್ಪ ಮಾಡಿದ್ದಾರೆ. ಆದರೂ ಚಂದ್ರ ತಾನಿದ್ದ ಜಾಗದಲ್ಲೇ ಇದ್ದ. ತೆಗೆದವನು ಮರೆತದ್ದನ್ನು ತೆಗೆದದ್ದು ನೆನಪಿಟ್ಟುಕೊಂಡಿತ್ತು.

ಈಗ ಇನ್ನೊಂದು ಚಂದ್ರ. 2023ರಲ್ಲಿ ಒಬ್ಬಾತ ಚಂದ್ರನ ಫೋಟೊವೊಂದನ್ನು ಬೇಕೆಂದೇ ಮಸುಕು ಮಾಡಿ, ಕಂಪ್ಯೂಟರ್ ಪರದೆಯ ಮೇಲೆ ಹಾಕಿ, ದೀಪ ಆರಿಸಿ, ದೂರ ನಿಂತು ಸ್ಯಾಮ್‌ಸಂಗ್ ಫೋನಿನಿಂದ ಕ್ಲಿಕ್ಕಿಸಿದ. ಮಸುಕು ಚಿತ್ರದಲ್ಲಿ ಇಲ್ಲವೇ ಇಲ್ಲದ ಕುಳಿಗಳು, ಗೆರೆಗಳು ಫೋನಿನ ಫೋಟೊದಲ್ಲಿ ಸ್ಪಷ್ಟವಾಗಿ ಮೂಡಿದವು. ಚಂದ್ರನನ್ನು ಗುರುತಿಸಿ, ಎಐ ಬಳಸಿ ವಿವರವನ್ನು ಹೆಚ್ಚಿಸುವ ವ್ಯವಸ್ಥೆ ಅದರೊಳಗಿದೆ ಅಂತ ಕಂಪನಿಯೂ ವಿವರಣೆ ಕೊಟ್ಟಿತು. ಫೋನು ಹೇಳಿದ್ದು ಇಷ್ಟೇ: 'ಇದು ಚಂದ್ರ ತಾನೇ, ಚಂದ್ರ ಹೇಗಿರುತ್ತಾನೆ ಅಂತ ನನಗೆ ಗೊತ್ತು ಬಿಡು.' ಚಂದ್ರನ ವಿಷಯದಲ್ಲಿ ಅಪಾಯ ಕಡಿಮೆ. ಅವನು ನಮಗೆ ಯಾವಾಗಲೂ ಒಂದೇ ಮುಖ ತೋರಿಸುತ್ತಾನೆ. ಮನುಷ್ಯರ ಮುಖ ಹಾಗಲ್ಲವಲ್ಲ.

ನಿನ್ನ ಹತ್ತಿರ ತಿಂಗಳಿಗೆ ನಾಲ್ಕಾದರೂ ಬರುತ್ತವೆ ಅಂದೆ, ಹಳೇ ಫೋಟೊ ಸರಿಮಾಡಿಕೊಡಿ ಅನ್ನುವವು. ಗೆದ್ದಲು ತಿಂದ ಗ್ರೂಪ್ ಫೋಟೊ, ಅದರಲ್ಲಿ ಹಿಂದಿನ ಸಾಲಿನಲ್ಲಿ ನಿಂತ ಅಜ್ಜಿ, ಅವಳ ಮುಖ ಬೆರಳ ಉಗುರಿನಷ್ಟು. ಅವಳ ತಿಥಿಗೆ ದೊಡ್ಡದು ಮಾಡಿ ಫ್ರೇಮ್ ಹಾಕಿಸಬೇಕು. ಒಂದು ಗುಂಡಿ ಒತ್ತಿದರೆ ಮೂರೇ ಕ್ಷಣದಲ್ಲಿ ಅಜ್ಜಿ ಫಳಫಳ ಹೊಳೆಯುತ್ತಾಳೆ, ರೆಪ್ಪೆಯ ಒಂದೊಂದು ಕೂದಲೂ ಎಣಿಸಬಹುದು. ಆ ರೆಪ್ಪೆ ಎಲ್ಲಿಂದ ಬಂತು, ಮಗಳೇ? ಮೂಲದಲ್ಲಿ ಅಜ್ಜಿಯ ಕಣ್ಣಿದ್ದ ಜಾಗದಲ್ಲಿ ಎರಡು ಕಪ್ಪು ಚುಕ್ಕೆ ಇದ್ದವು.

ಅದು ಹೇಗೆ ಕೆಲಸ ಮಾಡುತ್ತದೆ ಅಂತ ನಾನೂ ಓದಿ ತಿಳಿದುಕೊಂಡೆ, ವಯಸ್ಸಾಯಿತು ಅಂತ ಸುಮ್ಮನಿರಲಾಗಲಿಲ್ಲ. ಮುಖ ಸರಿಮಾಡುವ ಈ ಯಂತ್ರಗಳಿಗೆ ಸಾವಿರಾರು ಸ್ಪಷ್ಟ ಮುಖಗಳನ್ನು ತೋರಿಸಿ, ಅವನ್ನೇ ಮಸುಕು ಮಾಡಿ ತೋರಿಸಿ, ಮಸುಕಿನಿಂದ ಸ್ಪಷ್ಟಕ್ಕೆ ಹೋಗುವ ದಾರಿ ಕಲಿಸಿರುತ್ತಾರೆ. ಜಿಎಫ್‌ಪಿಜಿಎಎನ್ ಅನ್ನುವ ಒಂದು ಹೆಸರಾಂತ ಯಂತ್ರಕ್ಕೆ ಹೀಗೆ ತೋರಿಸಿದ್ದು ಫ್ಲಿಕರ್ ತಾಣದಿಂದ ಆರಿಸಿದ 70,000 ಮುಖಗಳನ್ನು. ಫ್ಲಿಕರ್‌ನಲ್ಲಿ ಫೋಟೊ ಹಾಕುವವರ ನಡುವೆ ನಮ್ಮ ತಾಲ್ಲೂಕಿನ, ದೊಡ್ಡ ಕುಂಕುಮದ, ಮೂಗಿನ ಎರಡೂ ಬದಿಗೆ ಬೇಸರಿ ಹಾಕಿದ, ಗಲ್ಲದ ಮೇಲೆ ಹಚ್ಚೆ ಹೊಯ್ಯಿಸಿಕೊಂಡ ಅಜ್ಜಿಯರು ಎಷ್ಟು ಜನ ಇರಬಹುದು? ಹಾಗಾಗಿ ಯಂತ್ರಕ್ಕೆ ಬೇಸರಿ ಕಂಡರೆ ಕಲೆ ಅನಿಸುತ್ತದೆ, ಹಚ್ಚೆ ಕಂಡರೆ ಕೊಳೆ ಅನಿಸುತ್ತದೆ. 2020ರಲ್ಲಿ ಪಲ್ಸ್ ಅನ್ನುವ ಯಂತ್ರಕ್ಕೆ ಬರಾಕ್ ಒಬಾಮ ಅವರ ಮಸುಕು ಫೋಟೊ ಕೊಟ್ಟಾಗ ಅದು ಬಿಳಿಯನೊಬ್ಬನ ಮುಖ ಮಾಡಿ ಕೊಟ್ಟಿತು. ಜಗತ್ತಿಗೇ ಗೊತ್ತಿರುವ ಮುಖದ ಗತಿ ಅದಾದರೆ, ನಾಲ್ಕು ಮನೆಯವರಿಗೆ ಮಾತ್ರ ಗೊತ್ತಿದ್ದ ಅಜ್ಜಿಯದು?

ಸಿಡುಬಿನ ಕಲೆ ನೆನೆಸಿಕೊ. ನಮ್ಮ ದೇಶದಲ್ಲಿ ಸಿಡುಬು ಕೊನೆಯ ಬಾರಿ ಕಾಣಿಸಿಕೊಂಡದ್ದು 1975ರಲ್ಲಿ. ಅದಕ್ಕೆ ಮುಂಚಿನ ಮುಖಗಳಲ್ಲಿ ಅಮ್ಮ ಬಂದು ಹೋದ ಗುರುತು ಎಷ್ಟೋ ಇರುತ್ತಿದ್ದವು, ನಿನ್ನಜ್ಜನ ಮುಖದಲ್ಲೂ ಇತ್ತು. ನಮ್ಮ ಟಚಿಂಗ್‌ನವನೂ ಅದನ್ನು ಪೆನ್ಸಿಲಿನಿಂದ ತುಂಬುತ್ತಿದ್ದ, ಇಲ್ಲ ಅನ್ನುವುದಿಲ್ಲ. ಆದರೆ ಅವನಿಗೆ ತಾನು ಯಾವ ಗುಳಿ ತುಂಬಿದೆ ಅಂತ ಗೊತ್ತಿತ್ತು. ತೀರಾ ನುಣುಪಾಯಿತು ಅಂತ ಮನೆಯವರು ಹೇಳಿದರೆ ಪೆನ್ಸಿಲನ್ನು ಒರೆಸಿ ಮತ್ತೆ ಪ್ರಿಂಟ್ ಹಾಕುತ್ತಿದ್ದ. ಯಂತ್ರ ಒರೆಸಿದ್ದು ಏನನ್ನು, ಬರೆದದ್ದು ಏನನ್ನು ಅಂತ ಯಂತ್ರವನ್ನೇ ಕೇಳಿದರೂ ಹೇಳಲಾರದು. ಮೊಮ್ಮಕ್ಕಳು ಅದೇ ಅಜ್ಜಿ ಅಂದುಕೊಂಡು ಬೆಳೆಯುತ್ತಾರೆ. ಹತ್ತು ವರ್ಷ ಕಳೆದರೆ ಅವಳ ನಿಜವಾದ ಮುಖ ನೆನಪಿರುವವರು ಯಾರೂ ಇರುವುದಿಲ್ಲ, ಗೋಡೆಯ ಮೇಲೆ ಮಾತ್ರ ಯಾರೋ ಒಬ್ಬರು ಇರುತ್ತಾರೆ.

ಅದಕ್ಕೇ ಹೇಳುವುದು, ಮೂಲವನ್ನು ಮೊದಲು ಹಾಗೆಯೇ ಸ್ಕ್ಯಾನ್ ಮಾಡಿ ಎತ್ತಿಡು. ಗೀರು, ಗೆದ್ದಲು, ಕಲೆ ಎಲ್ಲದರ ಸಮೇತ. ಅದರ ಮೇಲೆ ಏನನ್ನೂ ಸೇವ್ ಮಾಡಬೇಡ. ಕೆಲಸಕ್ಕೆ ಬೇರೆ ಪ್ರತಿ ತೆಗೆದುಕೊ. ಯಂತ್ರ ಕೊಟ್ಟದ್ದನ್ನು ಮೂಲದ ಪಕ್ಕ ಇಟ್ಟು, ಪೂರ್ತಿ ಹಿಗ್ಗಿಸಿ, ಒಂದೊಂದೇ ಗೆರೆ ಕೇಳು: ನೀನು ಅಲ್ಲಿದ್ದೆಯಾ? ಇರಲಿಲ್ಲ ಅಂದರೆ ಹೊರಗೆ ಕಳಿಸು. ಮುಖ ಸ್ವಲ್ಪ ಮಸುಕಾಗಿಯೇ ಉಳಿಯಲಿ. ಗಿರಾಕಿಗೆ ಎರಡನ್ನೂ ತೋರಿಸು. ಮನೆಯ ಹಿರಿಯರೊಬ್ಬರನ್ನು ಕರೆತರಲು ಹೇಳು. ಅಜ್ಜಿಯನ್ನು ಕಂಡಿದ್ದವರು ಎದುರಿಗೆ ಕೂತರೆ ಯಾವ ಸಾಫ್ಟ್‌ವೇರಿಗಿಂತಲೂ ಚೆನ್ನಾಗಿ ಕೆಲಸ ಆಗುತ್ತದೆ.

ಡಿಜಿಟಲ್ ಬಂದ ಕಥೆ ನಿನಗೆ ಗೊತ್ತೇ ಇದೆ, ಬೇಗ ಮುಗಿಸುತ್ತೇನೆ. ಕೊಡಕ್ ಕಂಪನಿಯ ಸ್ಟೀವ್ ಸ್ಯಾಸನ್ 1975ರಲ್ಲೇ ಡಿಜಿಟಲ್ ಕ್ಯಾಮೆರಾ ಮಾಡಿದ್ದರು. ಒಂದು ಚಿತ್ರ ಕ್ಯಾಸೆಟ್ಟಿಗೆ ಇಳಿಯಲು 23 ಸೆಕೆಂಡು ಬೇಕಿತ್ತು. ಅದೇ ಕೊಡಕ್ 2012ರಲ್ಲಿ ದಿವಾಳಿ ಅರ್ಜಿ ಹಾಕಿತು. ಊಟಿಯಲ್ಲಿ ನಮ್ಮ ಸರ್ಕಾರದ್ದೇ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ಇತ್ತು, 'ಇಂದು' ಅಂತ ಫಿಲ್ಮಿನ ಹೆಸರು, ಅದೂ ಹೋಯಿತು. ಆಗಲೂ ಸ್ಟುಡಿಯೊ ಮುಗಿಯಿತು ಅಂದರು. ಆದರೆ ಡಿಜಿಟಲ್ ಬಂದರೂ ಬೆಳಕು ಒಳಗೆ ಬಿದ್ದೇ ಚಿತ್ರ ಆಗಬೇಕಿತ್ತು, ರಾ ಫೈಲ್ ಅಂತ ನೆಗೆಟಿವ್‌ನ ಜಾಗಕ್ಕೆ ಒಂದು ಇತ್ತು. ಆ ಬದಲಾವಣೆ ದೊಡ್ಡದಾಗಿ ಕಂಡಿತು, ಈಗಿನದಕ್ಕೆ ಹೋಲಿಸಿದರೆ ಸಣ್ಣದು.

ಎಲ್ಲದಕ್ಕೂ ಬೇಡ ಅನ್ನುವ ಮುದುಕ ನಾನಲ್ಲ. ಮದುವೆಯ ಮೂರು ಸಾವಿರ ಕ್ಲಿಕ್ಕುಗಳಲ್ಲಿ ಕಣ್ಣು ಮುಚ್ಚಿದ್ದನ್ನು, ಅಲುಗಿದ್ದನ್ನು ಯಂತ್ರ ಬೇರೆ ಮಾಡಿ ಕೊಡುತ್ತದಂತೆ. ಸಂತೋಷ, ಬೆನ್ನು ನೋವು ತಪ್ಪಿತು. ಕಲ್ಯಾಣ ಮಂಟಪದ ಹಾಳು ಬೆಳಕಿನಲ್ಲಿ ಬರುವ ಕಾಳುಕಾಳನ್ನು ಸ್ವಲ್ಪ ತಗ್ಗಿಸು, ಸೀರೆಯ ನೇಯ್ಗೆ ಅಳಿಯದ ಹಾಗೆ. ಈಗಿನ ಕ್ಯಾಮೆರಾ ಹಾರುವ ಹಕ್ಕಿಯ ಕಣ್ಣನ್ನೇ ಹುಡುಕಿ ಫೋಕಸ್ ಹಿಡಿಯುತ್ತದೆ. ಬೆಂಗಳೂರಿನ ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್ ಅಂಥವರ ಕೈಗೆ ಇದು ಸಿಕ್ಕಿದ್ದರೆ ಬೇಡ ಅನ್ನುತ್ತಿದ್ದರೇ? ಫೋಕಸ್ ಹಿಡಿಯುವ ಕಷ್ಟ ತಪ್ಪಿತು. ಮರೆ ಕಟ್ಟಿಕೊಂಡು ಕಾಯುವ ಕಷ್ಟ ತಪ್ಪಲಿಲ್ಲ, ತಪ್ಪಬಾರದು ಕೂಡ. ಹಕ್ಕಿ ಬಂದದ್ದು ನಿಜ ಆಗಿರಬೇಕು, ಅಷ್ಟೆ.

ಗ್ರೂಪ್ ಫೋಟೊದ ವಿಷಯದಲ್ಲಿ ಮಾತ್ರ ನನಗೆ ಇನ್ನೂ ಇಬ್ಬಂದಿ. 2023ರಿಂದ ಗೂಗಲ್ ಫೋನಿನಲ್ಲಿ, ಒಂದರ ಹಿಂದೊಂದು ತೆಗೆದ ಗ್ರೂಪ್ ಫೋಟೊಗಳಿಂದ ಒಬ್ಬೊಬ್ಬರ ಒಳ್ಳೆಯ ಮುಖ ಆರಿಸಿ ಒಂದೇ ಚಿತ್ರಕ್ಕೆ ಕೂಡಿಸುವ ಸವಲತ್ತಿದೆ. ಎಲ್ಲ ಮುಖಗಳೂ ಅವರವೇ, ಎಲ್ಲ ನಗೆಯೂ ನಿಜವೇ. ಆದರೆ ಎಲ್ಲರೂ ಒಟ್ಟಿಗೆ ನಕ್ಕ ಗಳಿಗೆ ಮಾತ್ರ ಬಂದೇ ಇರಲಿಲ್ಲ. ನಮ್ಮ ಜೋಡಿ ಫೋಟೊದ ತಮ್ಮ ಅನ್ನು. ಮದುವೆಯಲ್ಲಿ ಚಿಕ್ಕಪ್ಪ ಮುಖ ಗಂಟಿಕ್ಕಿಕೊಂಡು ನಿಂತಿದ್ದರೆ ಅದಕ್ಕೊಂದು ಕಾರಣ ಇರುತ್ತದೆ, ಇಡೀ ವಠಾರಕ್ಕೆ ಅದು ಗೊತ್ತಿರುತ್ತದೆ. ನೀನು ನಗಿಸಿಬಿಟ್ಟರೆ ಆಲ್ಬಂ ಚೆಂದ ಆಗುತ್ತದೆ, ಕಥೆ ಹೋಗುತ್ತದೆ. ಮನೆಯವರು ಕೇಳಿದರೆ ಮಾಡಿಕೊಡು. ಕೇಳದೆ ಮಾಡಬೇಡ.

ಯಾಕೆ ಇಷ್ಟು ಹೇಳುತ್ತೇನೆಂದರೆ, ನಗಿಸುವುದು ಯಾವಾಗಲೂ ತಮಾಷೆಯಲ್ಲ. 2023ರ ಮೇ 28ರಂದು ದೆಹಲಿಯಲ್ಲಿ ಪ್ರತಿಭಟನೆ ಮಾಡುತ್ತಿದ್ದ ಕುಸ್ತಿಪಟುಗಳನ್ನು ಪೊಲೀಸರು ವಾಹನದಲ್ಲಿ ಕರೆದೊಯ್ದರು. ವಿನೇಶ್ ಫೋಗಟ್, ಸಂಗೀತಾ ಫೋಗಟ್ ಅದರೊಳಗಿದ್ದ ಫೋಟೊ ಹೊರಬಂತು. ಮುಖದಲ್ಲಿ ನಗೆ ಇರಲಿಲ್ಲ. ಅದೇ ಫೋಟೊದಲ್ಲಿ ಅವರಿಬ್ಬರ ಬಾಯಿಗೆ ನಗು ಅಂಟಿಸಿ ಯಾರೋ ಹರಡಿದರು, ನೋಡಿ ಹೇಗೆ ಮಜಾ ಮಾಡುತ್ತಿದ್ದಾರೆ ಅನ್ನುವಂತೆ. ಸುಳ್ಳು ಬೇಗ ಸಿಕ್ಕಿಬಿತ್ತು. ಮೂಲ ಫೋಟೊ ಅಷ್ಟರಲ್ಲಾಗಲೇ ಜನರ ಕೈಯಲ್ಲಿತ್ತು.

ಸ್ಪರ್ಧೆಗೆ ಕಳಿಸಬೇಕು ಅಂತ ಹೇಳುತ್ತಿದ್ದೆ. ಕಳಿಸು, ಆದರೆ ತೀರ್ಪುಗಾರರ ಕಣ್ಣನ್ನು ದೇವರ ಕಣ್ಣು ಅಂದುಕೊಳ್ಳಬೇಡ. 2023ರಲ್ಲಿ ಸೋನಿ ವರ್ಲ್ಡ್ ಫೋಟೊಗ್ರಫಿ ಸ್ಪರ್ಧೆಯ ಒಂದು ವಿಭಾಗದಲ್ಲಿ ಜರ್ಮನಿಯ ಬೋರಿಸ್ ಎಲ್ಡಾಗ್‌ಸೆನ್ ಅವರ 'ದಿ ಎಲೆಕ್ಟ್ರಿಷಿಯನ್' ಗೆದ್ದಿತು. ಹಳೇ ಕಾಲದ ಕಪ್ಪು ಬಿಳುಪು ಫೋಟೊದಂಥ ಚಿತ್ರ, ಇಬ್ಬರು ಹೆಂಗಸರು. ಆ ಇಬ್ಬರೂ ಎಂದೂ ಹುಟ್ಟಿದವರೇ ಅಲ್ಲ. ಯಂತ್ರ ಮಾಡಿದ ಚಿತ್ರ. ಆತನೇ ಹೇಳಿ ಬಹುಮಾನ ನಿರಾಕರಿಸಿದ. ಮರುವರ್ಷ ಇದರ ತಿರುಗುಮುರುಗು ನಡೆಯಿತು. ಮೈಲ್ಸ್ ಆಸ್ಟ್ರೇ ಅನ್ನುವವರು ತಾವು ನಿಜವಾಗಿ ತೆಗೆದ ಫ್ಲೆಮಿಂಗೊ ಹಕ್ಕಿಯ ಫೋಟೊವನ್ನು ಇನ್ನೊಂದು ಸ್ಪರ್ಧೆಯ ಎಐ ವಿಭಾಗಕ್ಕೆ ಕಳಿಸಿ, ಬಹುಮಾನ ಗಿಟ್ಟಿಸಿ, ಆಮೇಲೆ ನಿಜ ಹೇಳಿ ಅನರ್ಹರಾದರು. ಹಕ್ಕಿ ತಲೆಯನ್ನು ಹೊಟ್ಟೆಯೊಳಕ್ಕೆ ಹುದುಗಿಸಿಕೊಂಡಿತ್ತು, ತಲೆಯೇ ಇಲ್ಲದ ಹಕ್ಕಿಯಂತೆ ಕಾಣುತ್ತಿತ್ತು. ನನಗೆ ಈ ಎರಡನೆಯವನೇ ಹೆಚ್ಚು ಇಷ್ಟ. ಯಂತ್ರದ ಹಟ್ಟಿಗೆ ನಿಜವಾದ ಹಕ್ಕಿ ನುಗ್ಗಿಸಿದ. ಈ ಇಬ್ಬರ ಚಿತ್ರಗಳಲ್ಲಿ ಯಾವುದು ಯಾವುದೆಂದು ಬರೀ ಕಣ್ಣಿನಿಂದ ಹೇಳಲಾಗುತ್ತಿರಲಿಲ್ಲ. ಆಸ್ಟ್ರೇ ಹತ್ತಿರ ಮೂಲ ಫೈಲ್ ಇತ್ತು, ಎಲ್ಡಾಗ್‌ಸೆನ್ ಹತ್ತಿರ ಇರಲು ಸಾಧ್ಯವೇ ಇರಲಿಲ್ಲ.

ಇನ್ನು ಹೊಟ್ಟೆಪಾಡಿನ ಮಾತು. ಸ್ಟೇಷನ್ನಿನವರು ಅಪಘಾತ, ಕಳವು, ಜಮೀನು ತಕರಾರು ಅಂತ ಮಹಜರು ಫೋಟೊಕ್ಕೆ ನಿನ್ನನ್ನೇ ಕರೆಯುತ್ತಾರೆ, ನಿನ್ನಪ್ಪನನ್ನೂ ಕರೆಯುತ್ತಿದ್ದರು. ಆಗ ಕೋರ್ಟಿಗೆ ಪ್ರಿಂಟಿನ ಜೊತೆ ನೆಗೆಟಿವ್ ಕೊಡಬೇಕಿತ್ತು, ಕಟಕಟೆ ಹತ್ತಿ ಇದು ನಾನೇ ತೆಗೆದದ್ದು ಅನ್ನಬೇಕಿತ್ತು. ವಕೀಲರು ನೆಗೆಟಿವನ್ನು ಕಿಟಕಿ ಬೆಳಕಿಗೆ ಹಿಡಿದು ನೋಡುತ್ತಿದ್ದರು. ಈಗ 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮ ಜಾರಿಯಲ್ಲಿದೆ. ಅದರ 63ನೇ ಸೆಕ್ಷನ್ ಪ್ರಕಾರ ಎಲೆಕ್ಟ್ರಾನಿಕ್ ದಾಖಲೆಗೆ ಪ್ರಮಾಣಪತ್ರ ಬೇಕು, ಆ ನಮೂನೆಯಲ್ಲಿ ಫೈಲಿನ 'ಹ್ಯಾಶ್' ನಮೂದಿಸಬೇಕು. ಹ್ಯಾಶ್ ಅಂದರೆ ಫೈಲಿನೊಳಗೆ ಇರುವುದನ್ನೆಲ್ಲ ಲೆಕ್ಕ ಹಾಕಿ ಬರುವ ಉದ್ದನೆಯ ಒಂದು ಸಂಕೇತ. ಒಂದೇ ಒಂದು ಚುಕ್ಕೆ ಬದಲಾದರೂ ಸಂಕೇತ ಪೂರ್ತಿ ಬೇರೆಯಾಗುತ್ತದೆ. ಇಂಥ ಕೆಲಸಕ್ಕೆ ಹೋಗುವಾಗ ಕ್ಯಾಮೆರಾವನ್ನೇ ಒಯ್ಯಿ, ಫೋನು ಬೇಡ. ಫೋನು ತಾನಾಗಿಯೇ ಹಲವು ಫ್ರೇಮು ಸೇರಿಸುತ್ತದೆ, ನುಣುಪು ಮಾಡುತ್ತದೆ, ಎದುರು ಪಕ್ಷದ ವಕೀಲರು ಅದನ್ನೇ ಹಿಡಿದು ಜಗ್ಗುತ್ತಾರೆ. ಕಾರ್ಡಿನಿಂದ ಇಳಿಸಿದ ಕೂಡಲೇ, ಯಾವ ಸಾಫ್ಟ್‌ವೇರಿನಲ್ಲೂ ತೆರೆಯುವ ಮುಂಚೆ, ಎರಡು ಬೇರೆ ಬೇರೆ ಡಿಸ್ಕಿಗೆ ಹಾಕಿ ಹ್ಯಾಶ್ ತೆಗೆದು ಬರೆದಿಟ್ಟುಕೊ. ಆ ಫೋಟೊಗಳ ಮೇಲೆ ಕಾಳು ತೆಗೆಯುವುದು, ಚೂಪು ಮಾಡುವುದು ಯಾವುದೂ ಬೇಡ. ಕತ್ತಲಾಗಿದ್ದರೆ ಕತ್ತಲೇ ಇರಲಿ.

ಈಗ ಕ್ಯಾಮೆರಾದೊಳಗೇ ಸಹಿ ಹಾಕುವ ವಿದ್ಯೆ ಬಂದಿದೆ. 2023ರ ಅಕ್ಟೋಬರ್‌ನಲ್ಲಿ ಬಂದ ಲೈಕಾ ಎಂ11-ಪಿ ಅಂಥದೊಂದು ಕ್ಯಾಮೆರಾ. ಕ್ಲಿಕ್ಕಿಸಿದ ಕ್ಷಣವೇ ಯಾವ ಕ್ಯಾಮೆರಾ, ಯಾವ ಹೊತ್ತು ಅನ್ನುವುದನ್ನು ಮುದ್ರೆಯೊತ್ತಿ ಇಡುತ್ತದೆ, ಆಮೇಲೆ ತಿದ್ದಿದರೆ ಅದೂ ದಾಖಲಾಗುತ್ತದೆ. ಒಳ್ಳೆಯದು. ಅದರ ಬೆಲೆ ನಮ್ಮ ಸ್ಟುಡಿಯೊ ಮಾರಿದರೂ ಹುಟ್ಟುವುದಿಲ್ಲ ಅನ್ನುವುದು ಬೇರೆ ಮಾತು. ಮುಂದೆ ಕೈಗೆಟಕುವ ಕ್ಯಾಮೆರಾಗಳಿಗೂ ಬಂದರೆ ತೆಗೆದುಕೊ. ಅಲ್ಲಿಯವರೆಗೆ ನಿನ್ನ ರಾ ಫೈಲೇ ನಿನಗೆ ಸಾಕ್ಷಿ.

ಪಾಸ್‌ಪೋರ್ಟ್, ವೀಸಾ ಫೋಟೊ ಕಡೆಗೂ ಗಮನ ಇರಲಿ. ಅಮೆರಿಕದ ವೀಸಾಕ್ಕೆ ಕೊಡುವ ಫೋಟೊವನ್ನು ಡಿಜಿಟಲ್ ಆಗಿ ತಿದ್ದಬಾರದು ಅಂತ ನಿಯಮವೇ ಇದೆ. ಹುಡುಗರು ಬಣ್ಣ ಸ್ವಲ್ಪ ತಿಳಿ ಮಾಡಿ ಆಂಟಿ ಅಂತ ಗೋಗರೆಯುತ್ತಾರೆ, ಮಾಡಬೇಡ.

ಯಾರ ಫೋಟೊವನ್ನೂ, ಅದರಲ್ಲೂ ಮಕ್ಕಳ ಫೋಟೊವನ್ನು, ಪುಕ್ಕಟೆ ಆ್ಯಪ್‌ಗಳಿಗೆ ಏರಿಸುವ ಮುಂಚೆ ಮನೆಯವರನ್ನು ಕೇಳು. ಪುಕ್ಕಟೆ ಕೊಡುವವನು ಆ ಮುಖವನ್ನು ಏನು ಮಾಡುತ್ತಾನೆ ಅನ್ನುವುದು ನಿನ್ನ ಕೈಯಲ್ಲಿಲ್ಲ. ನಂಬಿಕೆಯಿಂದ ಕೊಟ್ಟ ನೆಗೆಟಿವನ್ನು ನಾವು ಬೇರೆಯವರಿಗೆ ಕೊಡುತ್ತಿರಲಿಲ್ಲ, ಅದೇ ಲೆಕ್ಕ.

ವಾರಕ್ಕೊಮ್ಮೆಯಾದರೂ ಕ್ಯಾಮೆರಾ ತಗಲಿಸಿಕೊಂಡು ಗಿರಾಕಿ ಇಲ್ಲದ ಕಡೆ ಹೋಗು. ಮೈಸೂರಿನ ಟಿ.ಎಸ್. ಸತ್ಯನ್ ಅವರ ಫೋಟೊ ನೋಡು, ಪದ್ಮಶ್ರೀ ಬಂದವರು, ದೊಡ್ಡ ಪತ್ರಿಕೆಗಳಿಗೆ ದುಡಿದವರು. ತೆಗೆದದ್ದು ಬೀದಿಯಲ್ಲಿ ಆಡುವ ಮಕ್ಕಳು, ಕೆಲಸ ಮಾಡುವ ಹೆಂಗಸರು, ದಾರಿಹೋಕರು. ಅವುಗಳಲ್ಲಿ ತಂತ್ರದ ಚಮತ್ಕಾರ ಹುಡುಕಿದರೆ ಹೆಚ್ಚು ಸಿಗುವುದಿಲ್ಲ. ಆ ಜನ ಅವರನ್ನು ಹತ್ತಿರ ಬಿಟ್ಟುಕೊಂಡಿದ್ದರು ಅನ್ನುವುದು ಸಿಗುತ್ತದೆ. ನೀನು ಸಂತೆಗೆ ಹೋಗಿ ಸೊಪ್ಪಿನವಳ ಜೊತೆ ಹರಟೆ ಹೊಡೆದು ಬಾ, ಫೋಟೊ ಆಮೇಲೆ ಬಂದೀತು.

ಕೊನೆಯದು, ನಿನ್ನಪ್ಪನ ಪೆಟ್ಟಿಗೆಗಳು. ಅಟ್ಟದ ಮೇಲೆ ಬಿಸ್ಕತ್ತಿನ ಡಬ್ಬಗಳಲ್ಲಿ ನೆಗೆಟಿವ್ ತುಂಬಿಟ್ಟಿದ್ದಾನೆ, ಕವರಿನ ಮೇಲೆ ಹೆಸರು, ತಾರೀಖು ಬರೆದಿದ್ದಾನೆ. ಅವನ್ನು ಗುಜರಿಗೆ ಹಾಕಬೇಡ. ಈ ಬೇಸಿಗೆ ಮುಗಿಯುವುದರೊಳಗೆ ಇಳಿಸಿ ಒಂದೊಂದೇ ಡಬ್ಬ ತೆರೆ. ಹುಳಿ ವಾಸನೆ, ವಿನಿಗರ್ ತೆರೆದ ಹಾಗೆ, ಬಂದರೆ ಆ ಫಿಲ್ಮಿನ ಮೈ ಕೊಳೆಯಲು ಶುರುವಾಗಿದೆ ಅಂತ ಅರ್ಥ. ಆ ಹುಳಿ ಪಕ್ಕದ ಫಿಲ್ಮಿಗೂ ತಗಲುತ್ತದೆ, ಅವನ್ನು ಬೇರೆ ಇಡು, ಮೊದಲು ಅವನ್ನೇ ಸ್ಕ್ಯಾನ್ ಮಾಡು. ಉಳಿದದ್ದನ್ನು ತೇವ ಇಲ್ಲದ, ತಂಪಾದ ಕಡೆ ಕಾಗದದ ಕವರಿನಲ್ಲಿ ಇಡು. ಪ್ಲಾಸ್ಟಿಕ್ಕಿನಲ್ಲಿ ಮುಚ್ಚಿಟ್ಟರೆ ಬೆವರುತ್ತದೆ. ಹಳೇ ಬಸ್‌ಸ್ಟ್ಯಾಂಡ್, ರಸ್ತೆ ಅಗಲ ಮಾಡುವ ಮುಂಚಿನ ಪೇಟೆ ಬೀದಿ, ತೇರಿನ ಗದ್ದುಗೆ ಬದಲಾಗುವ ಮುಂಚಿನ ಜಾತ್ರೆ, ಕೆರೆ ತುಂಬಿದ್ದ ವರ್ಷ, ಎಲ್ಲ ಅದರೊಳಗಿವೆ. ಯಾವ ಯಂತ್ರಕ್ಕೆ ಹೇಳಿದರೂ ನಮ್ಮೂರಿನ ಹಾಗೆ ಕಾಣುವ ಒಂದು ಊರು ಮಾಡಿಕೊಟ್ಟೀತು, ನಮ್ಮೂರನ್ನು ಕೊಡಲಾರದು. ದುಡ್ಡಿನ ಲೆಕ್ಕದಲ್ಲೂ ನಷ್ಟವಿಲ್ಲ: ಒಂದೊಂದು ಮನೆಯವರೂ ತಮ್ಮ ಅಜ್ಜನ ಮದುವೆ ಹುಡುಕಿಕೊಂಡು ಬರುತ್ತಾರೆ.

ಅವರು ಬಂದಾಗ ಕಾಣಲಿ ಅಂತ ಗೋಡೆಯ ದರಪಟ್ಟಿಯಲ್ಲಿ ಎರಡು ಸಾಲು ಬೇರೆ ಬೇರೆ ಬರೆಸು. ಒಂದು, ಇದ್ದದ್ದನ್ನು ತೊಳೆದು ಕೊಡುವುದಕ್ಕೆ. ಇನ್ನೊಂದು, ಇಲ್ಲದ್ದನ್ನು ಬರೆದು ಕೊಡುವುದಕ್ಕೆ. ಎರಡನೆಯದಕ್ಕೆ ದುಪ್ಪಟ್ಟು ಹಾಕು, ಬಿಲ್ಲಿನಲ್ಲೂ ಹಾಗೆಯೇ ಬರೆ. ದುಬಾರಿ ಅಂತ ಯಾರಾದರೂ ಗೊಣಗಿದರೆ ಮೊದಲನೆಯದು ಸಾಕು ಬಿಡಿ ಅನ್ನು.